ಫಿಸಿಕ್ಸ್ ಬಿಎಸ್ಸಿ: ಪದವಿ ಅಗ್ಗ, ಸಾಲ ದುಬಾರಿ

ಪಿಯುಸಿ ಫಲಿತಾಂಶ ಬಂದು, ಸಿಇಟಿ ಮತ್ತು ನೀಟ್ ರ್ಯಾಂಕುಗಳೂ ಕೈಸೇರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಮಾತುಕತೆ ಜೋರಾಗುತ್ತದೆ. ಮೆಡಿಕಲ್ ಸೀಟು ಸಿಕ್ಕಿದರೆ ಸಾಲ ಮಾಡಿಯಾದರೂ ಸೇರಿಸುತ್ತಾರೆ, ಇಂಜಿನಿಯರಿಂಗಿಗೂ ಹೇಗೋ ಹೊಂದಿಸುತ್ತಾರೆ. ಇಕ್ಕಟ್ಟು ಬರುವುದು ಇನ್ನೊಂದು ಕಡೆ. ಒಳ್ಳೆಯ ಮಾರ್ಕು ತೆಗೆದ ಮಗಳೋ ಮಗನೋ "ನನಗೆ ಫಿಸಿಕ್ಸ್ ಇಷ್ಟ, ಬಿಎಸ್ಸಿಗೆ ಸೇರುತ್ತೇನೆ" ಎಂದಾಗ ಮನೆಯಲ್ಲಿ ಒಮ್ಮೆ ಮೌನ ಆವರಿಸುತ್ತದೆ. ಗಲ್ಫ್‌ನಲ್ಲಿರುವ ಬಾಪ ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ಅದು ಕಲಿತು ಎಂತ ಮಾಡುವುದು? ಸಂಬಳ ಎಷ್ಟು ಬರ್ತದೆ?"

ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಸಿಗುವ ಉತ್ತರಗಳಲ್ಲಿ ತೊಂದರೆ ಉಂಟು. ಒಬ್ಬರು "ಬಿಎಸ್ಸಿ ಮಾಡಿದವನಿಗೆ ಏನೂ ಇಲ್ಲ" ಎನ್ನುತ್ತಾರೆ. ಇನ್ನೊಬ್ಬರು "ಇಸ್ರೋ ಉಂಟಲ್ಲ" ಎನ್ನುತ್ತಾರೆ. ಎರಡರಲ್ಲೂ ಲೆಕ್ಕ ಇಲ್ಲ. ಈ ವಾರ ಆ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ.

ಮುದ್ದೇನಹಳ್ಳಿಯ ಹುಡುಗನ ಎರಡು ಹೆಜ್ಜೆ

ಕರಾವಳಿಯ ಶಾಲೆಗಳಿಂದ ನಂದಿಬೆಟ್ಟಕ್ಕೆ ಪ್ರವಾಸ ಹೋದ ಮಕ್ಕಳು ಪಕ್ಕದ ಮುದ್ದೇನಹಳ್ಳಿಗೂ ಹೋಗಿ, ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು ನೋಡಿ ಬರುತ್ತಾರೆ. ಕನ್ನಂಬಾಡಿ ಕಟ್ಟೆ, ಭಾರತ ರತ್ನ, ಇಂಜಿನಿಯರ್ಸ್ ಡೇ ಎಲ್ಲ ಮಕ್ಕಳಿಗೆ ಬಾಯಿಪಾಠ. ಅವರ ಓದಿನ ಖರ್ಚು ಯಾರು ಕೊಟ್ಟರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಅವರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ತನ್ನ ಖರ್ಚು ನೋಡಿಕೊಂಡರು. 1881ರಲ್ಲಿ ಬಿಎ ಪಾಸಾದರು. ಮೊದಲ ಹೆಜ್ಜೆ ಅಲ್ಲಿಗೆ ಮುಗಿಯಿತು. ಮೈಸೂರು ಸರ್ಕಾರ ನೆರವು ಕೊಟ್ಟು ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿದ್ದು ಎರಡನೇ ಹೆಜ್ಜೆ. 1883ರಲ್ಲಿ ಅಲ್ಲಿ ಸಿವಿಲ್ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು.

ಬಿಎ ಮುಗಿದಲ್ಲಿಗೇ ಕೈಯಲ್ಲಿ ಕಾಸಿಲ್ಲ ಎಂದು ಓದು ನಿಂತಿದ್ದರೆ? ಪದವೀಧರ ಗುಮಾಸ್ತನೋ ಮೇಷ್ಟ್ರೋ ಆಗಿ ಅವರ ಬದುಕು ಸಾಗುತ್ತಿತ್ತು. ಮೊದಲ ಪದವಿಗಿಂತ ಅದರ ನಂತರದ ಎರಡು ವರ್ಷ ಅವರ ಬದುಕನ್ನು ತಿರುಗಿಸಿತು. ಆ ಎರಡು ವರ್ಷದ ಭಾರ ಅವರ ತಲೆ ಮೇಲೆ ಸಾಲವಾಗಿ ಕೂರಲಿಲ್ಲ. ಇಂದಿನ ಫಿಸಿಕ್ಸ್ ಬಿಎಸ್ಸಿಯ ಲೆಕ್ಕ ಕೂಡ ಇಲ್ಲೇ ನಿಂತಿದೆ.

ಮೂರು ವರ್ಷದ ಖರ್ಚು

ಮೊದಲು ಒಳ್ಳೆಯ ಸುದ್ದಿ. ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದವಿ ಹೋಗಿ, 2024–25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಶುಲ್ಕ ವರ್ಷಕ್ಕೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ, ಅಲ್ಲಿ ಹೆಣ್ಣು ಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಉಂಟು. ಹಾಗಾಗಿ ಫಿಸಿಕ್ಸ್ ಬಿಎಸ್ಸಿಯು ಸ್ವಭಾವತಃ ಸಾಲ ಬೇಡುವ ಕೋರ್ಸ್ ಅಲ್ಲ.

ಇದರ ಮೇಲೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಉಂಟು. ಹನ್ನೆರಡನೇ ತರಗತಿಯ ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು, ಫಿಸಿಕ್ಸ್‌ನಂತಹ ಮೂಲವಿಜ್ಞಾನಕ್ಕೆ ಸೇರಿದವರಿಗೆ ವರ್ಷಕ್ಕೆ 80,000 ರೂ. ಇದರಲ್ಲಿ 60,000 ಕೈಗೆ ಬರುವ ಹಣ, 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ. ಎಂಎಸ್ಸಿ ಸೇರಿ ಐದು ವರ್ಷದವರೆಗೆ ಸಿಗಬಹುದು. ಇಂಜಿನಿಯರಿಂಗಿಗೆ ಹೋದವರಿಗೆ ಇದು ಇಲ್ಲ. ನಮ್ಮಲ್ಲಿ ಶೇ. 97, 98 ತೆಗೆದ ಮಕ್ಕಳು ಇದ್ದಾರೆ, ಈ ಅರ್ಜಿಯ ವಿಷಯ ಗೊತ್ತಿರುವ ಮನೆಗಳು ಮಾತ್ರ ಕಡಿಮೆ. ಒಂದು ಎಚ್ಚರಿಕೆ: ವಿದ್ಯಾರ್ಥಿವೇತನದ ಹಣ ತಿಂಗಳು ತಿಂಗಳು ಬರುವ ಸಂಬಳದಂತೆ ಅಲ್ಲ, ತಡವಾಗಬಹುದು. ಅದನ್ನೇ ನಂಬಿ ಹಾಸ್ಟೆಲ್ ಬಾಡಿಗೆ ಒಪ್ಪಿಕೊಳ್ಳಬೇಡಿ.

ಹಾಗಾದರೆ ಸಾಲ ಬರುವುದು ಎಲ್ಲಿಂದ? ಕಾಲೇಜಿನ ಆಯ್ಕೆಯಿಂದ. ಖಾಸಗಿ ಕಾಲೇಜಿನ ಶುಲ್ಕ, ಹಾಸ್ಟೆಲ್, ಪ್ರಯಾಣ ಎಲ್ಲ ಸೇರಿದರೆ ವರ್ಷಕ್ಕೆ ಲಕ್ಷ ರೂಪಾಯಿ ಮುಟ್ಟುವುದು ಕಷ್ಟವಲ್ಲ. ನಮ್ಮ ಹೆಣ್ಣು ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. 2022ರ ಫೆಬ್ರವರಿಯ ಸಮವಸ್ತ್ರ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಭಿನ್ನ ತೀರ್ಪು, ಇವುಗಳ ನಡುವೆ ಸರ್ಕಾರಿ ಕಾಲೇಜು ಬಿಟ್ಟು ಶುಲ್ಕ ಕೊಟ್ಟು ಬೇರೆಡೆ ಸೇರಿದ ಮಕ್ಕಳಿದ್ದಾರೆ. ಆ ಮನೆಗಳಿಗೆ ಹಿಜಾಬಿನ ಪ್ರಶ್ನೆ ಹಣದ ಪ್ರಶ್ನೆಯೂ ಆಯಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಕೂಡ ಖಾಸಗಿ ಬಸ್ಸುಗಳೇ ತುಂಬಿರುವ ನಮ್ಮ ರೂಟುಗಳಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಮನೆಗೆ ಹತ್ತಿರದ, ಮಗಳು ನೆಮ್ಮದಿಯಿಂದ ಕೂತು ಓದಬಲ್ಲ, ಲ್ಯಾಬ್ ಮತ್ತು ಖಾಯಂ ಅಧ್ಯಾಪಕರಿರುವ ಕಾಲೇಜು ಯಾವುದು ಎಂದು ಹುಡುಕುವುದೇ ಸಾಲ ತಪ್ಪಿಸುವ ಮೊದಲ ಕೆಲಸ.

ಕಾಣುವ ಸಾಲ

ಒಂದು ಉದಾಹರಣೆ ಹಾಕೋಣ. ಖಾಸಗಿ ಕಾಲೇಜಿಗೆ ವರ್ಷಕ್ಕೆ 1 ಲಕ್ಷದಂತೆ ಮೂರು ವರ್ಷಕ್ಕೆ 3 ಲಕ್ಷ ರೂ. ಬ್ಯಾಂಕಿನ ಶಿಕ್ಷಣ ಸಾಲ ತೆಗೆದಿರಿ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ ಕೋರ್ಸ್ ಮುಗಿದ ಮೇಲೆ ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ. 4 ಲಕ್ಷದವರೆಗೆ ಅಡಮಾನವೂ ಬೇಡ. "ಅಡಮಾನ ಇಲ್ಲ, ಈಗ ಕಟ್ಟಲಿಕ್ಕೂ ಇಲ್ಲ" ಎಂದು ಕೇಳಿದಾಗ ಹಗುರ ಅನ್ನಿಸುತ್ತದೆ.

ಆದರೆ ಆ ಸಮಯದಲ್ಲಿ ಬಡ್ಡಿ ನಿಲ್ಲುವುದಿಲ್ಲ. ಮೊದಲ ಲಕ್ಷಕ್ಕೆ ನಾಲ್ಕು ವರ್ಷ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು ವರ್ಷ ಬಡ್ಡಿ ಸೇರಿ 90,000 ಆಗುತ್ತದೆ. ಕಂತು ಶುರುವಾಗುವ ದಿನ ಸಾಲ 3.9 ಲಕ್ಷ. ಏಳು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 6,500 ರೂ., ಒಟ್ಟು ಕಟ್ಟುವುದು ಸುಮಾರು 5.44 ಲಕ್ಷ. ಹದಿನೈದು ವರ್ಷಕ್ಕೆ ಎಳೆದರೆ ಕಂತು 4,200ರ ಹತ್ತಿರ ಇಳಿಯುತ್ತದೆ, ಒಟ್ಟು ಮೊತ್ತ 7.5 ಲಕ್ಷ ದಾಟುತ್ತದೆ.

ಬಿಎಸ್ಸಿ ಒಂದನ್ನೇ ಕೈಯಲ್ಲಿ ಹಿಡಿದು ಸಣ್ಣ ಖಾಸಗಿ ಶಾಲೆಗೆ ಸೇರಿದ ಹುಡುಗಿಗೆ ತಿಂಗಳಿಗೆ 15,000 ಸಿಕ್ಕಿತು ಎಂದುಕೊಳ್ಳೋಣ. ಕಂತು ಕಟ್ಟಿ ಉಳಿಯುವುದು 8,500. ಬಸ್ ಖರ್ಚು ಕಳೆದರೆ ಉಮ್ಮನ ಕೈಗೆ ಕೊಡಲು ಎಷ್ಟು ಉಳಿದೀತು? ಮುಂದಿನ ಬಿಎಡ್‌ಗೆ ಹಣ ಎಲ್ಲಿಂದ ಬಂದೀತು? ಬಿಎಸ್ಸಿಗೆ ಮಾಡಿದ ಸಾಲ ಹೀಗೆ ಬಿಎಸ್ಸಿಯ ಮುಂದಿನ ಬಾಗಿಲನ್ನೇ ಮುಚ್ಚುತ್ತದೆ.

ಇನ್ನು ಬಡ್ಡಿಯ ವಿಚಾರ. ರಿಬಾ ಹರಾಮ್ ಎಂಬುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಅನಿವಾರ್ಯತೆಯ ಪ್ರಶ್ನೆಯನ್ನು ನಿಮ್ಮ ಖತೀಬರ ಬಳಿ ಕೇಳಿ, ಅದು ಪತ್ರಿಕೆಯ ಪುಟದಲ್ಲಿ ತೀರ್ಮಾನವಾಗುವ ವಿಷಯವಲ್ಲ. ಆದರೆ ಒಂದಂತೂ ಹೇಳಬಹುದು. ಕೆಲವು ಸಾವಿರಕ್ಕೆ ಸರ್ಕಾರಿ ಕಾಲೇಜಿನಲ್ಲಿ ಸಿಗುವ ಪದವಿಗೆ ಬಡ್ಡಿ ಸಾಲ "ಅನಿವಾರ್ಯ" ಎನ್ನುವುದು ಕಷ್ಟ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಶೇ. 2ರ ಸೇವಾಶುಲ್ಕದಲ್ಲಿ ಸಿಗುತ್ತದೆ, ಆದರೆ ಅದು ಮುಖ್ಯವಾಗಿ ಸಿಇಟಿ, ನೀಟ್ ಮೂಲಕ ಸೀಟು ಪಡೆದ ವೃತ್ತಿ ಕೋರ್ಸುಗಳಿಗೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ 8 ಲಕ್ಷದವರೆಗೆ ವಾರ್ಷಿಕ ಆದಾಯವಿರುವ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ. 3 ರಿಯಾಯಿತಿ ಕೊಡುತ್ತದೆ. ಅದೂ ಆಯ್ದ ಉನ್ನತ ಸಂಸ್ಥೆಗಳಿಗೆ ಮಾತ್ರ, ಮತ್ತು ಉಳಿದ ಬಡ್ಡಿ ಬಡ್ಡಿಯೇ.

ಕಾಣದ ಸಾಲ

ಬ್ಯಾಂಕಿನ ಪುಸ್ತಕದಲ್ಲಿ ಬರೆಯದ ಇನ್ನೊಂದು ಸಾಲ ಉಂಟು. ಓದದೆ ಅಂಗಡಿಗೆ ಸೇರಿದ್ದರೆ ದುಡಿಯುತ್ತಿದ್ದ ಹಣ ಅದು. ತಿಂಗಳಿಗೆ 12,000 ಎಂದರೂ ಮೂರು ವರ್ಷಕ್ಕೆ 4.32 ಲಕ್ಷ, ಐದು ವರ್ಷಕ್ಕೆ 7.2 ಲಕ್ಷ. ನಮ್ಮ ಗಂಡು ಮಕ್ಕಳು ಓದು ಬಿಟ್ಟು ವೀಸಾ ಕಾಯುವುದು ಸೋಮಾರಿತನದಿಂದಲ್ಲ, ಈ ಲೆಕ್ಕ ಅವರಿಗೆ ಯಾರೂ ಹೇಳದೆಯೇ ಗೊತ್ತಿರುವುದರಿಂದ.

ಈ ಲೆಕ್ಕವನ್ನು ಪೂರ್ತಿ ಮಾಡೋಣ. ಮೂರು ವರ್ಷ ಓದಿ ಖಾಸಗಿ ಶಾಲೆಯಲ್ಲಿ 15,000ಕ್ಕೆ ಸೇರಿದವನು ಒಂದು ಕಡೆ. ಅಷ್ಟರಲ್ಲಿ 14,000 ತಲುಪಿದ ಅಂಗಡಿ ಹುಡುಗ ಇನ್ನೊಂದು ಕಡೆ. ವ್ಯತ್ಯಾಸ ತಿಂಗಳಿಗೆ 1,000 ರೂ. ಕಳೆದ 4.32 ಲಕ್ಷ ವಾಪಸ್ ಬರಬೇಕಾದರೆ 36 ವರ್ಷ ಬೇಕು. "ಬಿಎಸ್ಸಿ ಮಾಡಿ ಏನೂ ಇಲ್ಲ" ಎನ್ನುವವರ ಮಾತು ಇಲ್ಲಿ ನಿಜ.

ಅದೇ ಬಿಎಸ್ಸಿಯವನು ಇನ್ನೆರಡು ವರ್ಷ ಎಂಎಸ್ಸಿ ಓದಿ, ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದು ಸಂಶೋಧನೆಗೆ ಸೇರಿದ ಎನ್ನಿ. 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂ., ಎರಡು ವರ್ಷದ ನಂತರ 42,000. ಅಂಗಡಿಯವನು ಆಗ 16,000ಕ್ಕೆ ಬಂದಿದ್ದರೆ ವ್ಯತ್ಯಾಸ 21,000. ಕಳೆದ 7.2 ಲಕ್ಷ ಮೂರು ವರ್ಷದೊಳಗೆ ತುಂಬುತ್ತದೆ. ಪದವಿ ಒಂದೇ, ಆದರೆ ಒಬ್ಬನಿಗೆ 36 ವರ್ಷ, ಇನ್ನೊಬ್ಬನಿಗೆ 3 ವರ್ಷ. ನಡುವೆ ಇರುವುದು ಎರಡು ವರ್ಷದ ಓದು ಮತ್ತು ಒಂದು ಕಠಿಣ ಪರೀಕ್ಷೆ.

ಆ ಪರೀಕ್ಷೆ ಬರೆದ ಎಲ್ಲರೂ ಪಾಸಾಗುವುದಿಲ್ಲ. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ಕೇಂದ್ರ ಸರ್ಕಾರ 2022–23ರಿಂದ ನಿಲ್ಲಿಸಿದ ಮೇಲೆ ಆ ಆಸರೆಯೂ ಹೋಯಿತು. ಆದ್ದರಿಂದ ಒಂದೇ ಬಾಗಿಲು ನಂಬದೆ ಬೇರೆ ದಾರಿಗಳನ್ನೂ ತಿಳಿದಿರಬೇಕು.

ಬೇರೆ ಬಾಗಿಲುಗಳು

ಶಿಕ್ಷಕ ವೃತ್ತಿ: ಬಿಎಸ್ಸಿ ನಂತರ ಬಿಎಡ್ ಎರಡು ವರ್ಷ, ಒಟ್ಟು ಐದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪ್ರವೇಶ ಪರೀಕ್ಷೆ ಬರೆದು ಸೇರಿದರೆ ಬಿಎಸ್ಸಿ ಮತ್ತು ಬಿಎಡ್ ಒಟ್ಟಿಗೆ ನಾಲ್ಕೇ ವರ್ಷ. ಒಂದು ವರ್ಷ ಉಳಿದರೆ ನಮ್ಮ ಲೆಕ್ಕದಲ್ಲಿ 1.44 ಲಕ್ಷ ಉಳಿದಂತೆ. ಸರ್ಕಾರಿ ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆ ಕರೆದರು, ಮೀಸಲಾತಿ ಪಟ್ಟಿಯ ವ್ಯಾಜ್ಯ ಕೋರ್ಟಿಗೆ ಹೋಗಿ ಆಯ್ಕೆಯಾದವರೂ ಕಾಯಬೇಕಾಯಿತು. ಆದರೆ ಗಲ್ಫ್‌ನ ಭಾರತೀಯ ಶಾಲೆಗಳು ಬಿಎಡ್ ಮಾಡಿದ ಫಿಸಿಕ್ಸ್ ಶಿಕ್ಷಕರನ್ನು ಕೇಳುತ್ತವೆ. ಬಾಪ ಹೆಲ್ಪರ್ ವೀಸಾದಲ್ಲಿ ಹೋದ ಊರಿಗೆ ಮಗಳು ಶಿಕ್ಷಕಿಯಾಗಿ ಹೋಗಬಹುದು.

ಕೇಂದ್ರ ಸರ್ಕಾರಿ ಹುದ್ದೆ: 2022ರಲ್ಲಿ ಹವಾಮಾನ ಇಲಾಖೆಗೆ 990 ವೈಜ್ಞಾನಿಕ ಸಹಾಯಕರ ನೇಮಕಕ್ಕೆ ಸಿಬ್ಬಂದಿ ನೇಮಕಾತಿ ಆಯೋಗ ಅರ್ಜಿ ಕರೆಯಿತು. ಫಿಸಿಕ್ಸ್ ಒಂದು ವಿಷಯವಾಗಿ ಓದಿ ಬಿಎಸ್ಸಿಯಲ್ಲಿ ಪ್ರಥಮ ದರ್ಜೆ ಇದ್ದವರು ಅರ್ಜಿ ಹಾಕಬಹುದಿತ್ತು. ಮೂಲವೇತನ 35,400ರಿಂದ ಶುರು. ಎಂಎಸ್ಸಿ ಬೇಡ, ಸಾಲವೂ ಬೇಡ, ಆದರೆ ಇಂಥ ಪ್ರಕಟಣೆ ಬರುವುದು ಯಾವಾಗಲೋ ಒಮ್ಮೆ. ಬಂದಾಗ ತಯಾರಿರಬೇಕು.

ಸಂಶೋಧನೆಗೆ ನೇರ ದಾರಿ: ಬಿಎಸ್ಸಿ ಮುಗಿಸಿ ಜಾಮ್ ಪರೀಕ್ಷೆ ಬರೆದರೆ ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ, ಐಐಟಿಗಳ ಎಂಎಸ್ಸಿಗೂ ಬಾಗಿಲು ತೆರೆಯುತ್ತದೆ. ಹತ್ತಿರದಲ್ಲೇ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಮೈಕ್ರೋಟ್ರಾನ್ ವೇಗವರ್ಧಕವೂ ವಿಕಿರಣಶೀಲತೆಯ ಅಧ್ಯಯನ ಕೇಂದ್ರವೂ ಉಂಟು. ಎಂಎಸ್ಸಿ ನಂತರ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದವರು ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವೈದ್ಯಕೀಯ ಭೌತವಿಜ್ಞಾನಿಗಳಾಗುತ್ತಾರೆ. ಆಸ್ಪತ್ರೆಗಳೇ ತುಂಬಿರುವ ಮಂಗಳೂರಿನಲ್ಲಿ ಈ ಹುದ್ದೆಯ ಹೆಸರು ಕೇಳದವರೇ ಹೆಚ್ಚು.

ಏನೂ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂ. ಕೊಡುತ್ತದೆ. ಅದು ಪರೀಕ್ಷೆಯ ಅರ್ಜಿ, ಪುಸ್ತಕಕ್ಕೆ ಆದೀತು. ನಮ್ಮ ಉದಾಹರಣೆಯ 6,500ರ ಕಂತಿಗೆ ಅರ್ಧವೂ ಆಗದು.

ಗೌರಿಬಿದನೂರಿನ ಇನ್ನೊಬ್ಬ

ಮುದ್ದೇನಹಳ್ಳಿಯ ಜಿಲ್ಲೆಯಲ್ಲೇ, ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯ ಓದಿದ್ದು ಫಿಸಿಕ್ಸನ್ನೇ. ಬಡ ಮನೆಯ ಹುಡುಗ, ಬಸ್ಸಿಗೆ ಕಾಸಿಲ್ಲದೆ ನಡೆದೇ ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿಗೆ ಬಂದರು. ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೂ ಹೋಗಿ ಬಂದು, ಸೆಂಟ್ರಲ್ ಕಾಲೇಜಿನಲ್ಲಿ ಎಂಎಸ್ಸಿ ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಫಿಸಿಕ್ಸ್ ಅಧ್ಯಾಪಕರಾದರು. ಅಮೆರಿಕದ ಓಹಾಯೋದಲ್ಲಿ ಡಾಕ್ಟರೇಟ್ ಪಡೆದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಅವರ ವಿಚಾರಗಳೆಲ್ಲ ನಮಗೆ ಒಪ್ಪಿಗೆಯಾಗಬೇಕೆಂದಿಲ್ಲ. ಆದರೆ ಅವರಿಗೆ ಉಳಿದುಕೊಳ್ಳಲು ಜಾಗ ಕೊಟ್ಟ ಆ ವಿದ್ಯಾರ್ಥಿನಿಲಯ ಯಾವ ಬ್ಯಾಂಕಿಗಿಂತಲೂ ದೊಡ್ಡ ಕೆಲಸ ಮಾಡಿತು.

ಇಂದಿನ ಮುದ್ದೇನಹಳ್ಳಿಯಲ್ಲೂ ಅಂಥದ್ದೊಂದು ಕಾಣುತ್ತದೆ. 2023ರ ಮಾರ್ಚ್ 25ರಂದು ಅಲ್ಲಿ ಉದ್ಘಾಟನೆಯಾದ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಶುಲ್ಕ ಇಲ್ಲ, ಖರ್ಚನ್ನು ದಾನಿಗಳು ಹೊರುತ್ತಾರೆ. ಇತರರು ತಮ್ಮ ನಂಬಿಕೆಯ ಹೆಸರಿನಲ್ಲಿ ಇದನ್ನು ಮಾಡಬಲ್ಲರಾದರೆ ನಾವು?

ನಾವು ಮಾಡಿದ್ದೇವೆ, ಮರೆತಿದ್ದೇವೆ ಅಷ್ಟೇ. ಊರ ಮಸೀದಿಯ ದರ್ಸ್‌ನಲ್ಲಿ ಕಲಿಯುವ ಮುತಅಲ್ಲಿಮರಿಗೆ ಮೊಹಲ್ಲಾದ ಮನೆಗಳಿಂದ ಊಟ ಹೋಗುತ್ತಿತ್ತು, ಕೆಲವು ಕಡೆ ಈಗಲೂ ಹೋಗುತ್ತದೆ. ಹೊಟ್ಟೆಗೆ ಊರು, ಮಲಗಲು ಮಸೀದಿ, ಕಲಿಸಲು ಉಸ್ತಾದ್. ಆ ಹುಡುಗ ಕಲಿತು ಹೊರಬಂದಾಗ ಅವನ ಮೇಲೆ ಒಂದು ಪೈಸೆ ಸಾಲ ಇರಲಿಲ್ಲ. ಕಲಿಯುವವನನ್ನು ಸಾಲಗಾರನಾಗಿಸದೆ ಕಲಿಸುವ ಪದ್ಧತಿ ನಮಗೆ ಹೊಸದಲ್ಲ.

ಜಮಾಅತ್ ಮಾಡಬಹುದಾದದ್ದು

ನಮ್ಮಲ್ಲಿ ಸಹಾಯಧನ ಹೆಚ್ಚಾಗಿ ಹೋಗುವುದು ಎಸೆಸೆಲ್ಸಿ, ಪಿಯುಸಿಯಲ್ಲಿ ಮಾರ್ಕು ತೆಗೆದವರಿಗೆ, ಸನ್ಮಾನ ಮತ್ತು ಶಾಲಿನ ಜೊತೆ. ಅದು ಬೇಡ ಎಂದಲ್ಲ. ಆದರೆ ಹಣ ನಿಜವಾಗಿ ಬೇಕಾಗುವುದು ಮೂರು ವರ್ಷದ ನಂತರ, ಬಿಎಸ್ಸಿ ಮುಗಿಸಿದವರು ಎಂಎಸ್ಸಿಯೋ ಬಿಎಡ್ಡೋ ಸೇರಬೇಕಾದ ಜೂನ್ ತಿಂಗಳಲ್ಲಿ. ಆಗ ಯಾವ ವೇದಿಕೆಯೂ ಇರುವುದಿಲ್ಲ. ಓದು ನಿಲ್ಲುವುದು ಅಲ್ಲೇ.

ಒಂದು ಜಮಾಅತ್ ವರ್ಷಕ್ಕೆ ಇಬ್ಬರನ್ನು ಆರಿಸಿ, ಒಬ್ಬೊಬ್ಬರಿಗೆ ಎರಡು ವರ್ಷಕ್ಕೆ 1 ಲಕ್ಷ ರೂ. ಬಡ್ಡಿಯಿಲ್ಲದ ಕರ್ಝೆ ಹಸನ್ ಕೊಟ್ಟಿತು ಎನ್ನಿ. ಕೆಲಸ ಸಿಕ್ಕಿದ ಮೇಲೆ ತಿಂಗಳಿಗೆ 2,000ದಂತೆ ಕಟ್ಟಿದರೆ 50 ತಿಂಗಳಲ್ಲಿ ಹಣ ವಾಪಸ್, ಅದೇ ಹಣ ಮುಂದಿನವರಿಗೆ. ಬಡವರಾದ ಅರ್ಹ ಮಕ್ಕಳಿಗೆ ಝಕಾತ್‌ನಿಂದ ಕೊಡುವುದಾದರೆ ಅದರ ನಿಯಮವನ್ನು ಉಲಮಾಗಳ ಬಳಿ ಕೇಳಿ ಮಾಡಬೇಕು. ಒಂದು ಮದುವೆಯ ಮಂಟಪದ ಅಲಂಕಾರಕ್ಕೆ ಆಗುವ ಖರ್ಚಿನಲ್ಲಿ ಇದು ಶುರುವಾಗುತ್ತದೆ. ಮದುವೆಗೆ ಚಿನ್ನ ಅಡವಿಡುವಾಗ "ಇದರಿಂದ ಸಂಬಳ ಎಷ್ಟು ಬರ್ತದೆ" ಎಂದು ಯಾರೂ ಕೇಳುವುದಿಲ್ಲವಲ್ಲ?

ಸೇರಿಸುವ ಮೊದಲು

ಹಾಗಾಗಿ ಮನೆಯಲ್ಲಿ ಮಗು ಫಿಸಿಕ್ಸ್ ಎಂದರೆ ಬೇಡ ಎನ್ನಬೇಡಿ, ಕಣ್ಣು ಮುಚ್ಚಿ ಸೇರಿಸಲೂ ಬೇಡಿ. ಒಟ್ಟಿಗೆ ಕೂತು ನಾಲ್ಕು ವಿಷಯ ನೋಡಿ. ಲೆಕ್ಕವನ್ನು ಮೂರು ವರ್ಷಕ್ಕಲ್ಲ, ಐದು ವರ್ಷಕ್ಕೆ ಹಾಕಿ. ಮೊದಲ ಮೂರು ವರ್ಷಕ್ಕೆ ಬಡ್ಡಿ ಸಾಲ ಬೇಕಾಗುವ ಕಾಲೇಜನ್ನು ಬಿಟ್ಟುಬಿಡಿ. ಇನ್‌ಸ್ಪೈರ್ ಅರ್ಜಿಯನ್ನು ಮೊದಲ ವರ್ಷವೇ ಹಾಕಿಸಿ. ಎರಡನೇ ವರ್ಷ ಮುಗಿಯುವುದರೊಳಗೆ ಮಗುವಿನ ಮುಂದಿನ ಬಾಗಿಲು ಯಾವುದು, ಎಂಎಸ್ಸಿಯೋ ಬಿಎಡ್ಡೋ ನೇಮಕಾತಿ ಪರೀಕ್ಷೆಯೋ ಎಂದು ತೀರ್ಮಾನವಾಗಲಿ. ಸಂಜೆ ಹೊತ್ತು ಹತ್ತನೇ ತರಗತಿಯ ಮಕ್ಕಳಿಗೆ ಪಾಠ ಹೇಳಿ ತನ್ನ ಕೈಖರ್ಚು ನೋಡಿಕೊಳ್ಳುವುದರಲ್ಲಿ ಅವಮಾನ ಇಲ್ಲ, ಮುದ್ದೇನಹಳ್ಳಿಯ ಹುಡುಗನೂ ಹಾಗೇ ಬಿಎ ಮುಗಿಸಿದ್ದು.

ಜಮಾಅತ್ ಕಮಿಟಿಯವರಲ್ಲಿ ಒಂದು ಕೋರಿಕೆ. ನಿಮ್ಮ ಮೊಹಲ್ಲಾದಲ್ಲಿ ಈ ವರ್ಷ ಬಿಎಸ್ಸಿ ಕೊನೆಯ ಸೆಮಿಸ್ಟರ್ ಬರೆಯುತ್ತಿರುವ ಮಕ್ಕಳು ಎಷ್ಟು ಮಂದಿ, ಅವರಲ್ಲಿ ಮುಂದೆ ಓದಲು ಮನಸ್ಸಿದ್ದು ಹಣ ಇಲ್ಲದವರು ಯಾರು ಎಂಬ ಪಟ್ಟಿಯೊಂದನ್ನು ಮುಂದಿನ ಮಹಾಸಭೆಯ ಮೊದಲು ಮಾಡಿ. ಹೆಚ್ಚೆಂದರೆ ಹತ್ತು ಹೆಸರು ಇದ್ದೀತು. ಹತ್ತು ಮಕ್ಕಳ ಎರಡು ವರ್ಷದ ಭಾರ ಒಂದು ಊರಿಗೆ ಹೆಚ್ಚಾಗಲಿಕ್ಕಿಲ್ಲ.